ಎಲ್ಲ ತೆರಿಗೆಗಳೂ ಸೇರಿ

ತಿಂಗಳ ಇಪ್ಪತ್ತನೇ ತಾರೀಕಿನೊಳಗೆ
ಕಾರವಾರದ ಹದಿನೇಳು ಅಂಗಡಿಗಳ ಲೆಕ್ಕ
ನನ್ನ ಬೆರಳ ತುದಿಯಿಂದ ಸರಕಾರಕ್ಕೆ ಹೋಗುತ್ತದೆ.
ಎರಡನೇ ಮಹಡಿ. ಉಪ್ಪು ತಿಂದ ಕಿಟಕಿ ಕಂಬಿ.
ಅದರಾಚೆ ಒಂದು ತುಂಡು ಸಮುದ್ರ,
ಬಾಡಿಗೆ ಕರಾರಿನಲ್ಲಿ ನಮೂದಾಗದ್ದು.

ಯಾರ ತೆರಿಗೆ ಯಾರ ಹೆಗಲಿಗೆ ಎಂದು
ನನಗೆ ಗೊತ್ತಿದೆ ಅಂದುಕೊಂಡಿದ್ದೆ.

ಐಸ್ ಫ್ಯಾಕ್ಟರಿಯ ಉಲ್ಲಾಸ ಪಡ್ತಿ
ಕರೆಂಟ್ ಬಿಲ್ಲು ಏರಿದ ಮರುದಿನವೇ
ಬೋರ್ಡಿನ ಅಂಕಿಯನ್ನು ಎಂಜಲು ಬೆರಳಲ್ಲಿ ಅಳಿಸುತ್ತಾನೆ:
"ಕೊಡುವವ ನಾನಾ? ನಾನು ಬರೀ ಪೋಸ್ಟ್‌ಮ್ಯಾನು."
ಬೈತಖೋಲಿನ ತಾಂಡೇಲ
ಡೀಸೆಲ್ಲಿನ ಮೇಲೆ ಕೂತದ್ದನ್ನು
ಹರಾಜಿನ ಕೂಗಿಗೆ ಸೇರಿಸಲು ನೋಡುತ್ತಾನೆ.
ಕೆಲವು ದಿನ ಸೇರುತ್ತದೆ.
ಕೆಲವು ದಿನ ಎಲ್ಲರ ಬಲೆಯೂ ತುಂಬಿ ಬಂದು
ಅವನ ಬಾಯಿ ಮುಚ್ಚಿಸುತ್ತದೆ.

ಖಾನಾವಳಿಯ ದಯಾನಂದ ಶೇಟ,
ತೆರಿಗೆ ಇಳಿಯಿತೆಂದು ಪೇಪರಿನಲ್ಲಿ ಬಂದ ದಿನ,
ಊಟದ ಪಟ್ಟಿಗೆ ಹೊಸ ಚೀಟಿ ಅಂಟಿಸಿದ.
ಉಗುರಲ್ಲಿ ಕೆರೆದು ನೋಡಿದೆ.
ಕೆಳಗೂ ನೂರಾ ಎಂಬತ್ತು, ಮೇಲೂ ನೂರಾ ಎಂಬತ್ತು.
ಹೊಸದರ ಅಂಚಿಗೆ ಮಾತ್ರ ಹೂಬಳ್ಳಿ.
"ಭರತ ಇಳತ ಎಲ್ಲಾ ಅಲ್ಲಿ," ಸೌಟಿನಲ್ಲಿ ಕಡಲು ತೋರಿಸಿದ,
"ಇದು ಹೋಟೆಲು."

ಸಂಜೆ ಮೀನುಪೇಟೆಯಲ್ಲಿ
ಗುಲಾಬಿ ಹರಿಕಂತ್ರಳಿಗೆ ಹೇಳಿದೆ, ತಿಳಿದವನ ಧಾಟಿಯಲ್ಲಿ:
ಹಸಿ ಮೀನಿಗೆ ತೆರಿಗೆ ಇಲ್ಲ, ಗೊತ್ತುಂಟಾ? ಸೊನ್ನೆ.
ಅವಳು ಬಂಗಡೆಯ ಮೇಲಿನ ಐಸು ಸರಿಸಿದಳು.
"ಸೊನ್ನೆ ಅಂದ್ರೆ ಈ ಐಸಿಗೂ ಸೊನ್ನೆಯಾ?
ಟೆಂಪೋದ ಡೀಸೆಲ್ಲಿಗೂ? ಈ ಬುಟ್ಟಿಗೂ?
ನನ್ನ ಕೊಡೆಗೂ?"

ವಿವರಿಸತೊಡಗಿದೆ.
ಬಣ್ಣದಂಗಡಿಯವ ಖರೀದಿಯಲ್ಲಿ ಕೊಟ್ಟದ್ದನ್ನು
ಮಾರಾಟದಲ್ಲಿ ಮುರಿದುಕೊಳ್ಳಬಹುದು.
ನಿನ್ನ ಸರಕಿಗೆ ತೆರಿಗೆಯಿಲ್ಲ, ನಿನಗೆ ಬಿಲ್ಲು ಪುಸ್ತಕವಿಲ್ಲ,
ಹಾಗಾಗಿ ನಿನ್ನೊಳಗೆ ಬಂದದ್ದು
ನಿನ್ನೊಳಗೇ ಉಳಿಯುತ್ತದೆ.
"ಮುಳ್ಳಿನ ಹಾಂಗೆ," ಅಂದಳು,
ಗಂಟಲು ಮುಟ್ಟಿಕೊಂಡು.

ಪಾಲಿಗೆ ಹತ್ತು ಇದ್ದ ಬಂಗಡೆ ಈಗ ಎಂಟು.
ಬೆಲೆ ಮಾತ್ರ ಅದೇ ಇನ್ನೂರು.
"ಮೊಮ್ಮಗನ ಬಿಸ್ಕಿಟ್ ಪೊಟ್ಟಣ ನೋಡಿ ಕಲಿತೆ.
ಅವರು ಕಾಗದದ ಒಳಗೆ ಕಡಿಮೆ ಮಾಡ್ತ್ರು,
ನನ್ನದು ಎಲ್ಲರ ಕಣ್ಣೆದುರಿಗೆ.
ಎಂತಾ ಮಾಡುದು?"

ಹಾಗಾದರೆ ನೀನೂ ದಾಟಿಸಿದೆ, ಅಂದೆ.
ಅವಳು ನಗಲಿಲ್ಲ.
"ಏಳು ಗಂಟೆಯವರೆಗೆ ನಿಲ್ಲು."

ನಿಂತೆ. ಬಲ್ಬುಗಳು ಹತ್ತಿದವು.
ಐಸು ನೀರಾಗಿ ಕಟ್ಟೆ ಇಳಿಯಿತು,
ಪಡ್ತಿಯ ಅಂಕಿಯೆಲ್ಲ ಚರಂಡಿ ಸೇರಿತು.
ನಮ್ಮ ಕಚೇರಿ ಅವನಿಗೆ ಬರೆವ ಬಿಲ್ಲಿನ ಕೊನೆಯ ಸಾಲೂ
"ಮೇಲೆ ತೆರಿಗೆ" ಅಂತಲೇ ಇರುತ್ತದೆ;
ಅದರದ್ದೊಂದು ಹನಿಯೂ ಅಲ್ಲಿ ಹರಿದಿರಬೇಕು.
ಕಾಜುಬಾಗದ ಹೆಂಗಸೊಬ್ಬಳು ಎರಡು ಸುತ್ತು ಹಾಕಿದಳು.
ಮನೆಯಲ್ಲಿ ಫ್ರಿಜ್ಜಿದೆ, ನಿನ್ನೆಯ ಸಾರಿದೆ,
ನಾಳೆ ಬೇಕಾದರೆ ಮೊಟ್ಟೆ.
ಅವಳು ಕಾಯಬಲ್ಲಳು.
ಬಂಗಡೆ ಕಾಯುವುದಿಲ್ಲ,
ಅದರ ಕಣ್ಣು ಆಗಲೇ ಮಂಜಾಗಿದೆ.

ಎಂಟು ಒಂಬತ್ತಾಯಿತು.
ಒಂಬತ್ತು ಹತ್ತು.
ಗುಲಾಬಿ ಸೆರಗಿನಲ್ಲಿ ಮುಖ ಒರೆಸಿ ಕೂಗಿದಳು
ನೂರೈವತ್ತು, ನೂರೈವತ್ತು.

ಹದಿನೇಳು ಅಂಗಡಿಗಳ ನನ್ನ ಕೋಷ್ಟಕದಲ್ಲಿ
ಗಂಟೆಗೊಂದು ಕಾಲಮ್ಮಿಲ್ಲ.

ಒಂದು ಮಾತು ಉಳಿಯಿತು.
ಅವಳು ಹೇಳಿದ್ದಕ್ಕೆ ನಿಂತೆ ಎಂದೆನಲ್ಲ, ಸುಳ್ಳು.
ನಾನು ಪೇಟೆಗೆ ಹೋಗುವುದೇ ಆ ಹೊತ್ತಿಗೆ,
ಚೀಲ ಮಡಚಿ ಕಂಕುಳಲ್ಲಿಟ್ಟು,
ವರುಷಗಳಿಂದ.

ಮನೆಯಲ್ಲಿ ನಳದ ಕೆಳಗೆ ಶಾಲಿನಿ ಎಣಿಸಿದಳು.
"ಹನ್ನೊಂದು! ಒಂದು ಹೆಚ್ಚಿಗೆ ಹ್ಯಾಗೆ?"

ಸೇರಿ ಬಂತು, ಅಂದೆ.