ಗೀರು

ಟಿಬಿಲಿಸಿಯಲ್ಲಿ ನುಗ್ಜಾರನ ಬೂಟು ರಿಪೇರಿ ಅಂಗಡಿ
ಗುರುವಾರ ಏಳಕ್ಕೆ ಮುಚ್ಚುವುದಿಲ್ಲ.
"ಈ ವಾರ ಏನು ಕೇಳ್ತಿದ್ದೀ?"
ಅದೇ ಇಲ್ಲಿ ನಮಸ್ಕಾರ.

ಲೆವಾನ್ ತಂದದ್ದು ಕುರಿಗಾಹಿಗಳ ಕೊಳಲು,
ರಾಗಕ್ಕಿಂತ ಉಸಿರೇ ಜಾಸ್ತಿ.
ಮಕ್ವಾಲಾಗೆ ಬ್ರೆಜಿಲಿನ ಡೋಲು:
ಒಂದಕ್ಷರ ತಿಳಿಯದು,
ಒಲೆಮೇಲಿನ ಬೀನ್ಸು ಮಾತ್ರ ದಿನಾ ತಳ ಹಿಡಿಯುತ್ತದಂತೆ.

ತ್ಸಿಯಾಲಾಳದು ಮೂರು ವಾರದಿಂದ ಅದೇ ರೆಕಾರ್ಡು.
ಎರಡನೆಯ ಹಾಡಿಗೊಂದು ಗೀರು.
ಹಾಡುವವಳು ಅರ್ಧ ಮಾತಿಗೇ ತೊದಲಿ ನಿಂತಾಗ
ನುಗ್ಜಾರ್ ಕಿರುಬೆರಳಲ್ಲಿ ಮುಳ್ಳನ್ನು ದಾಟಿಸುತ್ತಾನೆ,
ಮಗುವನ್ನು ಚರಂಡಿ ದಾಟಿಸಿದ ಹಾಗೆ.

ಮೊನ್ನೆ ಲೆವಾನ್ ಹೊಸ ಪ್ರತಿ ಹುಡುಕಿ ತಂದ.
ನುಣ್ಣಗೆ ಹಾಡಿ ಮುಗಿಸಿದಳು ಅವಳು.
ಆ ಜಾಗ ಬಂದಾಗ
ನಾವು ಉಸಿರು ಹಿಡಿದಿದ್ದೆವು,
ನುಗ್ಜಾರನ ಕಿರುಬೆರಳು ಗಾಳಿಯಲ್ಲಿ.

"ಹಳೇದು ಹಾಕು,"
ಅಂದಳು ತ್ಸಿಯಾಲಾ, ಕೋಟು ಕೂಡ ಬಿಚ್ಚದೆ.