ತಕ್ಕದ್ದು

ಮಸ್ಕತ್ತು. ಐದನೇ ಮಹಡಿ. ಎ.ಸಿ. ಹದಿನೆಂಟರಲ್ಲಿ.
ಏಳು ಜನ, ಏಳು ಫೈಲು, ಒಂದು ತಟ್ಟೆ ಖರ್ಜೂರ.
ನಾನು ಕಹ್ವಾ ಬಗ್ಗಿಸುವವನು.
ಬಟ್ಟಲು ಅಲ್ಲಾಡಿಸಿದರೆ ಸಾಕು ಎಂದರ್ಥ;
ಅಲ್ಲಾಡಿಸದಿದ್ದರೆ ಮತ್ತೆ ಸುರಿ.
ಇಲ್ಲಿ ನನಗೆ ಗೊತ್ತಿರುವ ಕಾನೂನು ಇಷ್ಟೇ.

ಇವತ್ತಿನ ಚರ್ಚೆ: ಬೇಸಗೆಯಲ್ಲಿ
ಬಯಲಲ್ಲಿ ದುಡಿಯುವವರು ಎಷ್ಟು ಹೊತ್ತಿಗೆ ಕೆಳಗಿಳಿಯಬೇಕು.
ಹನ್ನೆರಡಕ್ಕೋ, ಹನ್ನೆರಡೂವರೆಗೋ.
ಆ ಅರ್ಧ ಗಂಟೆಯ ಮೇಲೆ ಒಂದು ಗಂಟೆ ಮಾತು.
ಕನ್ನಡಕದವರು ಕಾಂಟ್ರಾಕ್ಟರುಗಳ ಪತ್ರ ಓದಿದರು.
ಸೇತುವೆ ಡಿಸೆಂಬರಿಗೆ ಮುಗಿಯಬೇಕಂತೆ.

ಆ ಅರ್ಧ ಗಂಟೆ ನನಗೂ ಪರಿಚಯ.
ನನ್ನ ಮೇಲಿನ ಮಂಚದಲ್ಲಿ ಮಲಗುವ ವಿಟ್ಲದ ಇದಿನಬ್ಬ
ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ಕೋಣೆಗೆ ಬರುತ್ತಾನೆ.
ಮಿಂದರೂ ಇಳಿಯುವುದಿಲ್ಲ,
ನಲ್ಲಿಯಲ್ಲಿ ಬರುವುದೂ ಕುದಿನೀರೇ.
ಸರಳು ಹಿಡಿದು ಹಿಡಿದು ಬೆರಳ ಗೆರೆ ಅಳಿಸಿ
ಗೇಟಿನ ಯಂತ್ರಕ್ಕೆ ಅವನ ಗುರುತು ಸಿಗದೆ
ಹೋದ ವಾರ ಎರಡು ದಿನದ ಹಾಜರಿ ಹೋಯಿತು.

ಗಂಟೆ ಹೇಗೋ ಒಪ್ಪಿಗೆಯಾಯಿತು: ಹನ್ನೆರಡೂವರೆ.
ಪದ ಆಗಲಿಲ್ಲ.

ಯಜೂಝ್, ಎಂದರು ಕನ್ನಡಕದವರು.
ಯಜಿಬ್, ಎಂದರು ಬದ್ರಿಯಾ ಮೇಡಂ.
ಹದಿನೇಳು ವರ್ಷ ಟ್ರೇ ಹಿಡಿದು ಕಲಿತ ಅರಬ್ಬಿ ನನ್ನದು:
ಒಂದು, ಕೆಲಸ ನಿಲ್ಲಿಸಬಹುದು.
ಇನ್ನೊಂದು, ನಿಲ್ಲಿಸತಕ್ಕದ್ದು.

ತಕ್ಕದ್ದು! ನಮ್ಮ ಪಂಚಾಯಿತಿ ಬೋರ್ಡಿನಲ್ಲಿ
'ಇಲ್ಲಿ ಕಸ ಹಾಕತಕ್ಕದ್ದಲ್ಲ' ಎಂದು ಓದಿ
ಶಾಲೆಯ ದಾರಿಯುದ್ದಕ್ಕೂ ನಕ್ಕಿದ್ದೇವೆ,
ಬೋರ್ಡಿನ ಬುಡದಲ್ಲೇ ಕಸ.
ಒಬ್ಬ ಮನುಷ್ಯನನ್ನು ಸಾರುವೆಯಿಂದ ಇಳಿಸುವಷ್ಟು
ತೂಕ ಅದಕ್ಕಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಬದ್ರಿಯಾ ಮೇಡಂ ಆಸ್ಪತ್ರೆಯ ಲೆಕ್ಕ ಓದಿದರು.
ಜೂನು, ಇಷ್ಟು. ಜುಲೈ, ಇಷ್ಟು.
ಅಂಕಿಗಳಿಗೆ ಊರಿಲ್ಲ, ಹೆಸರಿಲ್ಲ.
ಒಬ್ಬರು ಖರ್ಜೂರದ ಬೀಜವನ್ನು ಮೆಲ್ಲಗೆ ಕರ್ಚೀಫಿಗೆ ಉಗುಳಿದರು.
ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೂ ಹೇಳುತ್ತಿರಲಿಲ್ಲವೇನೋ,
ವೀಸಾ ಇನ್ನು ಎಂಟೇ ತಿಂಗಳು.

ಎರಡೂ ಪದಗಳನ್ನು ಕಂಸದಲ್ಲಿಟ್ಟರು.
ಮುಂದಿನ ಸಭೆ ಹಬ್ಬದ ರಜೆ ಕಳೆದ ಮೇಲೆ.
ಹನ್ನೆರಡು ದಾಟಿತ್ತು, ಬಾಂಗು ಕೇಳಿತು,
ಒಬ್ಬೊಬ್ಬರೇ ಬಟ್ಟಲು ಅಲ್ಲಾಡಿಸಿ ಎದ್ದರು.

ಮೇಡಂ ಕೂತೇ ಇದ್ದರು.
ಪೆನ್ನಿನ ಮುಚ್ಚಳ ಹಾಕಿರಲಿಲ್ಲ.
ಬಟ್ಟಲು ನನ್ನತ್ತ ಚಾಚಿದರು,
ಅಲ್ಲಾಡಿಸಲಿಲ್ಲ.

ಸುರಿದೆ.