ಸಣ್ಣ ಕಣ್ಣು

ಆಕೆ ಬಂದದ್ದು ಮಾರ್ಚ್ ತಿಂಗಳ ಒಂದು ಗುರುವಾರ,
ಅಂಗಡಿ ಮುಚ್ಚಲು ಅರ್ಧ ಗಂಟೆ ಇರುವಾಗ.
ಹೆಗಲ ಮೇಲೆ ಮುಕ್ಕಾಲಿ, ಕಂಕುಳಲ್ಲಿ ಸ್ಕೋಪು,
ಹಸಿರು ರಬ್ಬರಿನ ಮೈ, ಒಂದು ಕಡೆ ಹಲ್ಲಿನ ಗುರುತು.
ನಾಯಿಯದ್ದು, ಅಂದಳು, ನಾನು ಕೇಳದಿದ್ದರೂ.

ಲೇವಾರ್ಡನ್ನಿನ ಕಾಲುವೆ ದಂಡೆಯಲ್ಲಿ
ಹಳೆ ಕ್ಯಾಮೆರಾ ಮಾರುವವನು ನಾನು, ವೀಬ್ರನ್.
ಕೊಳ್ಳಲು ಬಂದವರು ಬೆಲೆಚೀಟಿ ನೋಡುತ್ತಾರೆ,
ಕೈಯಲ್ಲಿ ತೂಗಿ, ಜೊತೆಗಿದ್ದವರ ಮುಖ ನೋಡುತ್ತಾರೆ.
ಕೌಂಟರಿನ ಮುಂದೆ ಮುಕ್ಕಾಲಿ ಊರಿ, ಕಿಟಕಿ ತೆರೆಸಿ,
ನನ್ನ ಸರಕಿಗೆಲ್ಲ ಪರೀಕ್ಷೆ ಇಟ್ಟವರು
ಈವರೆಗೆ ಯಾರೂ ಇರಲಿಲ್ಲ.

ಮೊದಲು ದೊಡ್ಡದನ್ನೇ ತೆಗೆದೆ. ವ್ಯಾಪಾರ ವ್ಯಾಪಾರವೇ.
ಬೊಗಸೆ ತುಂಬುವ ಗಾಜು, ಎಂಟುನೂರು ಯೂರೋ.
ಸ್ಕೋಪಿನ ಹಿಂಬದಿಗೆ ಹಿಡಿದಳು.
ಪರದೆಯ ಮೇಲೆ
ಬಾವಿಯ ತಳಕ್ಕೆ ಬಿದ್ದ ನಾಣ್ಯದಂತೆ ಒಂದು ಚೂರು ಬೆಳಕು,
ಸುತ್ತ ಕತ್ತಲೆ.
"ಇದರ ಬಾಯಿ ದೊಡ್ಡದು," ಅಂದಳು,
"ನನ್ನ ಸ್ಕೋಪು ಕೊಡುವ ತುತ್ತು ಬಟಾಣಿಯಷ್ಟು."

ಇನ್ನೊಂದು: ಮೂವತ್ತು ಪಟ್ಟು ಎಳೆಯುವ ಜೂಮು.
ಮೂತಿ ಚಾಚುತ್ತ ಚಾಚುತ್ತ ಸ್ಕೋಪಿಗೇ ಗುದ್ದಿತು.
ಮತ್ತೊಂದರ ಒಳಗನ್ನಡಿ ಏಳುವ ಅದುರಿಗೆ
ಎದುರಿನ ಗೋಪುರ ಎರಡಾಯಿತು.
ಎತ್ತು ಏರಿಗೆ, ಕೋಣ ನೀರಿಗೆ.

ಆರು ದಾಟಿತು. ಮಹಡಿಯ ಮೇಲೆ ನನ್ನ ಸೂಪು ಆರುತ್ತಿತ್ತು.
"ನಿಮಗೆ ಬೇಕಾದ್ದಾದರೂ ಏನು?"
ಸ್ವಲ್ಪ ಬಿರುಸಾಗಿಯೇ ಕೇಳಿದೆ.

"ಸಣ್ಣ ಕಣ್ಣು. ಹೊಟ್ಟೆಯೊಳಗೇ ಹೊರಳುವ ಜೂಮು,
ಮೂರು ಪಟ್ಟು ಸಾಕು, ಹೆಚ್ಚಿನ ಆಸೆ ಇಲ್ಲ.
ಆಮೇಲೆ, ಗುಂಡಿ ಒತ್ತಿದ ಮೇಲೆ
ಎರಡು ಸೆಕೆಂಡು ಅದು ಸುಮ್ಮನಿರಬೇಕು.
ನನ್ನ ಕೈ ನಡುಗುತ್ತದೆ.
ನಡುಕ ಇಳಿಯಲು ಅಷ್ಟು ಹೊತ್ತು ಬೇಕು."

ಆಗ ನೆನಪಾಯಿತು ಕೆಳಗಿನ ಡ್ರಾಯರು.
ಬ್ಯಾಟರಿ ಬಾಗಿಲಿಗೆ ಟೇಪು ಸುತ್ತಿದ್ದು,
ನಡು ಮುರಿದಂತೆ ತಿರುಗುವ ಮೈ,
ಇಪ್ಪತ್ತು ವರ್ಷದ ಹಿಂದಿನ ಮಾಲು,
ಹರಾಜಿನ ಪೆಟ್ಟಿಗೆಯ ಜೊತೆ ಪುಕ್ಕಟೆ ಬಂದದ್ದು.
ತೋರಿಸಲೂ ನಾಚಿಕೆ.

ಹಿಡಿದಳು. ಕತ್ತಲೆ ಅಂಚಿಗೆ ಸರಿಯಿತು.
ಜೂಮು ಒಂದೆಳೆ ಒತ್ತಿದಳು, ಅಂಚೂ ಕರಗಿತು.
ಪರದೆ ತುಂಬ ಓಲ್ಡೆಹೋವೆ ಗೋಪುರದ ಇಟ್ಟಿಗೆ,
ಇಟ್ಟಿಗೆಯ ಸಂದಿಯಲ್ಲಿ ಒಂದು ಕುಳ್ಳ ಕಾಗೆ,
ಅದರ ಕಣ್ಣು ಬೂದಿಬಿಳಿ.
ಐವತ್ತೆಂಟು ವರ್ಷ
ಆ ವಾಲಿದ ಗೋಪುರದ ಬುಡದಲ್ಲೇ ಬದುಕಿದ್ದೇನೆ.
ಕಾಗೆಗೆ ಬಿಳಿ ಕಣ್ಣಿರುವುದು ನನಗೆ ಗೊತ್ತಿರಲಿಲ್ಲ.

ಮೂವತ್ತೈದು, ಅಂದೆ.
ಟೇಪು ತೋರಿಸಿ ಮೂವತ್ತಕ್ಕೆ ಒಯ್ದಳು.

ಮೇ ತಿಂಗಳಲ್ಲಿ ಮತ್ತೆ ಬಂದಳು, ಬ್ಯಾಟರಿಗೆ.
ರಸೀದಿ ಬರೆಯುವಾಗ ತಿಳಿಯಿತು, ಹೆಸರು ಶೌಕ್ಯ.
ಜೇಬಿನಿಂದ ಚಿತ್ರವೊಂದು ತೆಗೆದಿಟ್ಟಳು:
ದನ ಮೇಯುವ ಒದ್ದೆ ಹುಲ್ಲು, ಬೇಲಿಗೂಟ,
ಗೂಟದ ಮೇಲೆ ಗ್ರುಟ್ಟೊ,
ತನ್ನ ಹೆಸರನ್ನೇ ತಾನು ಕೂಗುವ ಹಕ್ಕಿ.
ಉದ್ದ ಕಾಲಿಗೆ ಹಳದಿ ಬಳೆ, ಅದರ ಕೆಳಗೆ ಇನ್ನೊಂದು.

ಹನ್ನೊಂದು ವರ್ಷದ ಹಿಂದೆ,
ಮರಿ ಅಂಗೈಯಲ್ಲಿ ಒದೆಯುತ್ತಿದ್ದಾಗ
ಅಂಥ ಎರಡು ಬಳೆ ತಾನೇ ತೊಡಿಸಿದ್ದಳಂತೆ.
ಆಮೇಲೆ ಆಫ್ರಿಕಾದ ಗದ್ದೆ, ಮತ್ತೆ ಈ ಹುಲ್ಲು,
ಮತ್ತೆ ಆಫ್ರಿಕಾ.
ಉಪ್ಪು, ಬಿಸಿಲು ಬಣ್ಣವನ್ನು ಮೇದಿವೆ.
"ಕೆಳಗಿನದು ಕೆಂಪಾದರೆ ನನ್ನದು," ಅಂದಳು.
"ಕಿತ್ತಳೆಯಾದರೆ ಬೇರೆ ಯಾರದೋ.
ನಿಮ್ಮ ಕಣ್ಣಿಗೆ ಏನು ಕಾಣುತ್ತದೆ?"

ಗಾಜಿನ ಗೀರು ಹುಡುಕುವ ದೀಪ ಹಚ್ಚಿದೆ.
ಗಿರಾಕಿಗೆ ಬೇಕಾದ್ದನ್ನು ಹೇಳುವುದು ನನ್ನ ಕಸುಬು.
ಕೆಂಪು, ಅನ್ನಬಹುದಿತ್ತು. ಬಾಯಿವರೆಗೂ ಬಂದಿತ್ತು.
ಎರಡು ಸೆಕೆಂಡು ಸುಮ್ಮನಿದ್ದೆ.
"ಗೊತ್ತಾಗುತ್ತಿಲ್ಲ," ಅಂದೆ.

"ನನಗೂ," ಅಂದಳು.
ಚಿಲ್ಲರೆ ಎಣಿಸಿಕೊಂಡು, ಬಾಗಿಲಲ್ಲಿ ತಿರುಗಿ,
ನಾಳೆ ಬೆಳಿಗ್ಗೆ ಮೋಡ ಇರುವುದಿಲ್ಲವಂತೆ, ಅಂದಳು.